ಹಳೇ ಕನ್ಸೋಲ್‌ನ ಅಗ್ಗದ ಮಾಡೆಲ್: ಏನೇನು ತೆಗೆದರು, ಯಾಕೆ ತೆಗೆದರು

ನಿಂಟೆಂಡೊ ಕಂಪನಿಯ ವೀ ಅನ್ನುವ, ಟಿವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್‌ಗೆ ಡಿಸ್ಕ್ ಹಾಕುವುದೇ ಒಂದು ಖುಷಿ. ಮುಂದಿನ ಸೀಳಿಗೆ ಡಿಸ್ಕ್‌ನ ತುದಿ ತಾಗಿಸಿದರೆ ಸಾಕು, ಒಳಗಿಂದ ಯಾರೋ ಮೆಲ್ಲಗೆ ಎಳೆದುಕೊಂಡ ಹಾಗೆ ತಾನೇ ಒಳಗೆ ಹೋಗುತ್ತದೆ. 2012ರ ಡಿಸೆಂಬರ್‌ನಲ್ಲಿ ಇದೇ ಕನ್ಸೋಲ್‌ನ ಅಗ್ಗದ ಮಾಡೆಲ್ ಕೆನಡಾದಲ್ಲಿ ಮಾರಾಟಕ್ಕೆ ಬಂತು. ಹೆಸರು ವೀ ಮಿನಿ, ಬೆಲೆ 99.99 ಕೆನಡಾ ಡಾಲರ್. ಕಪ್ಪು ಮೈ, ಸುತ್ತ ಕೆಂಪು ಅಂಚು. ಅದರಲ್ಲಿ ಸೀಳೇ ಇಲ್ಲ. ಮೇಲೊಂದು ಮುಚ್ಚಳ ಇದೆ. ಅದನ್ನು ತೆರೆದು, ಡಿಸ್ಕ್ ಅನ್ನು ನಡುವಿನ ತಿರುಗಣೆಗೆ ಕೈಯಿಂದಲೇ ಕೂರಿಸಿ, ಮುಚ್ಚಳ ಒತ್ತಿ ಮುಚ್ಚಬೇಕು.

ಸುಮ್ನೆ ನೋಡಿದರೆ ಇದು ಚಿಕ್ಕ ಬದಲಾವಣೆ. ಆದರೆ ಆ ಸೀಳಿನ ಹಿಂದೆ ಏನೆಲ್ಲ ಇತ್ತು ಅಂತ ಯೋಚಿಸಿ. ಡಿಸ್ಕ್ ಎಳೆಯೋಕೆ ರಬ್ಬರ್ ಉರುಳೆ, ಅದನ್ನು ತಿರುಗಿಸೋಕೆ ಮೋಟಾರು, ಹಲ್ಲುಗಾಲಿಗಳು, ಡಿಸ್ಕ್ ಎಲ್ಲಿಗೆ ಬಂತು ಅಂತ ಪತ್ತೆ ಹಚ್ಚುವ ಸೆನ್ಸರ್. ಅದೂ ಸಾಲದು ಅಂತ, ವೀಗಿಂತ ಹಿಂದಿನ ನಿಂಟೆಂಡೊ ಕನ್ಸೋಲ್ ಗೇಮ್‌ಕ್ಯೂಬ್‌ನ 8 ಸೆಂಟಿಮೀಟರ್‌ನ ಪುಟ್ಟ ಡಿಸ್ಕ್ ಮತ್ತು ವೀಯ 12 ಸೆಂಟಿಮೀಟರ್‌ನ ಡಿಸ್ಕ್ ಎರಡನ್ನೂ ಅದೇ ಸೀಳು ನುಂಗಬೇಕಿತ್ತು. ಸಣ್ಣ ಡಿಸ್ಕ್ ಪಕ್ಕಕ್ಕೆ ಸರಿಯದೆ ನಡುವಿಗೇ ಬಂದು ಕೂರಬೇಕು ಅಂದರೆ ಎಷ್ಟು ಕೆಲಸ ಅಲ್ವಾ? ಮುಚ್ಚಳದ ಮಾದರಿಯಲ್ಲಿ ಈ ಕೆಲಸವನ್ನೆಲ್ಲ ಮನುಷ್ಯನ ಕೈ ಮಾಡುತ್ತದೆ. ಕಂಪನಿಗೆ ಅದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ವೀ ಮಿನಿ ಬರುವ ಮೂರು ವಾರ ಮೊದಲು, ಅಂದರೆ ನವೆಂಬರ್ 18ರಂದು, ನಿಂಟೆಂಡೊ ತನ್ನ ಹೊಸ ಕನ್ಸೋಲ್ ವೀ ಯು ಅನ್ನು ಅಮೆರಿಕಾದಲ್ಲಿ ಬಿಡುಗಡೆ ಮಾಡಿತ್ತು. ಹೊಸದು ಬಂದಾಗಲೇ ಹಳೆಯದಕ್ಕೆ ಮತ್ತೊಂದು ರೂಪ ಕೊಡುವುದು ಯಾಕೆ? ಇದನ್ನು ಅರ್ಥ ಮಾಡಿಕೊಳ್ಳಬೇಕಾದರೆ ಕನ್ಸೋಲ್‌ನ ಆಯುಷ್ಯದಲ್ಲಿ ದುಡ್ಡು ಹೇಗೆ ಹರಿಯುತ್ತದೆ ಅಂತ ಮೊದಲು ನೋಡಬೇಕು.

ಕನ್ಸೋಲ್ ಕಂಪನಿಗಳು ಪೆಟ್ಟಿಗೆ ಮಾರಿ ಹೆಚ್ಚು ಗಳಿಸುವುದಿಲ್ಲ. ಎಷ್ಟೋ ಸಲ ಶುರುವಿನಲ್ಲಿ ಪ್ರತಿ ಪೆಟ್ಟಿಗೆಗೂ ಕೈಯಿಂದಲೇ ಹಾಕಬೇಕಾಗುತ್ತದೆ. 2006ರಲ್ಲಿ ಸೋನಿಯ ಪ್ಲೇಸ್ಟೇಷನ್ 3 ಅಮೆರಿಕಾದಲ್ಲಿ 499 ಮತ್ತು 599 ಡಾಲರ್‌ಗೆ ಬಂದಾಗ ಜನ ಬೆಲೆ ಕೇಳಿ ಬೆಚ್ಚಿದರು. ಅಷ್ಟಿದ್ದರೂ ಅದು ತಯಾರಿಸಲು ತಗಲುತ್ತಿದ್ದ ಖರ್ಚಿಗಿಂತ ಕಡಿಮೆ ಬೆಲೆಯೇ. ಗಳಿಕೆ ಇರುವುದು ಗೇಮ್‌ಗಳಲ್ಲಿ. ಬೇರೆಯವರು ಮಾಡಿದ ಪ್ರತಿ ಗೇಮ್ ಮಾರಾಟವಾದಾಗಲೂ ಕನ್ಸೋಲ್ ಕಂಪನಿಗೆ ಒಂದು ಪಾಲು ಬರುತ್ತದೆ. ಹಾಗಾಗಿ ಹೆಚ್ಚು ಮನೆಗಳಲ್ಲಿ ಕನ್ಸೋಲ್ ಕೂತಷ್ಟೂ ಲಾಭ.

ವರ್ಷಗಳು ಕಳೆದ ಹಾಗೆ ಅದೇ ಪೆಟ್ಟಿಗೆ ಮಾಡುವ ಖರ್ಚು ಇಳಿಯುತ್ತದೆ. ಇದರ ದೊಡ್ಡ ಕಾರಣ ಚಿಪ್. ಚಿಪ್‌ಗಳನ್ನು ಸಿಲಿಕಾನ್‌ನ ದುಂಡು ತಟ್ಟೆಯ ಮೇಲೆ ಸಾಲು ಸಾಲಾಗಿ ಮೂಡಿಸುತ್ತಾರೆ. ತಂತ್ರಜ್ಞಾನ ಮುಂದುವರಿದು ಅದೇ ಚಿಪ್ ಅನ್ನು ಅರ್ಧ ಜಾಗದಲ್ಲಿ ಮೂಡಿಸಲು ಬಂದರೆ, ಒಂದು ತಟ್ಟೆಯಲ್ಲಿ ಹೆಚ್ಚುಕಮ್ಮಿ ಎರಡರಷ್ಟು ಚಿಪ್ ಸಿಗುತ್ತವೆ. ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360 ಬಂದಿದ್ದು 2005ರಲ್ಲಿ. ಆಗ ಅದರ ಮುಖ್ಯ ಪ್ರೊಸೆಸರ್ ಬೇರೆ, ಚಿತ್ರ ಮೂಡಿಸುವ ಚಿಪ್ ಬೇರೆ. ಎರಡೂ 90 ನ್ಯಾನೋಮೀಟರ್ ತಂತ್ರಜ್ಞಾನದವು (ಈ ಅಂಕಿ ಇಳಿದಷ್ಟೂ ಚಿಪ್ ಚಿಕ್ಕದಾಗುತ್ತದೆ). 2010ರ ಹೊಸ ಮಾಡೆಲ್‌ನಲ್ಲಿ ಎರಡೂ ಸೇರಿ ಒಂದೇ ಚಿಪ್ ಆಯಿತು, 45 ನ್ಯಾನೋಮೀಟರ್‌ಗೆ ಇಳಿಯಿತು.

ಚಿಪ್ ಚಿಕ್ಕದಾದರೆ ಉಳಿತಾಯ ಅಲ್ಲಿಗೇ ನಿಲ್ಲುವುದಿಲ್ಲ. ಅದು ಕಡಿಮೆ ಕರೆಂಟ್ ಎಳೆಯುತ್ತದೆ, ಕಡಿಮೆ ಬಿಸಿಯಾಗುತ್ತದೆ. ಬಿಸಿ ಕಡಿಮೆಯಾದರೆ ಚಿಕ್ಕ ಫ್ಯಾನ್ ಸಾಕು. ಶಾಖ ಹೀರುವ ಲೋಹದ ಗಟ್ಟಿಯೂ ಚಿಕ್ಕದು ಸಾಕು. ಪವರ್ ಸಪ್ಲೈ ಸಣ್ಣದಾಗುತ್ತದೆ, ಡಬ್ಬಿ ಸಣ್ಣದಾಗುತ್ತದೆ, ಹೊರಗಿನ ರಟ್ಟಿನ ಪೆಟ್ಟಿಗೆಯೂ ಸಣ್ಣದಾಗುತ್ತದೆ. ಒಂದು ಕಂಟೇನರ್‌ನಲ್ಲಿ ಹೆಚ್ಚು ಕನ್ಸೋಲ್ ಹಿಡಿಸುತ್ತವೆ. ಹಡಗಿನ ಬಾಡಿಗೆಯೂ ಹಂಚಿಹೋಗುತ್ತದೆ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಕನ್ಸೋಲ್ ಅನ್ನು ಕುಗ್ಗಿಸುವುದು ಬೇರೆ, ಅದಕ್ಕೆ ಕತ್ತರಿ ಹಾಕುವುದು ಬೇರೆ. ಕುಗ್ಗಿಸಿದ ಮಾಡೆಲ್‌ನಲ್ಲಿ ಕೆಲಸ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ, ಗಾತ್ರ ಮಾತ್ರ ಚಿಕ್ಕದು. 2000ದ ಪಿಎಸ್ ಒನ್ ಈ ಜಾತಿಯದು. ಮೊದಲ ಪ್ಲೇಸ್ಟೇಷನ್‌ನ ಪುಟ್ಟ ರೂಪ. ಪ್ಲೇಸ್ಟೇಷನ್ 2 ಬಂದ ವರ್ಷವೇ ಬಂದು, ಆ ವರ್ಷ ಅದಕ್ಕಿಂತಲೂ ಜಾಸ್ತಿ ಮಾರಾಟವಾಯಿತು. ಕತ್ತರಿ ಹಾಕಿದ ಮಾಡೆಲ್ ಅಂದರೆ ಇದ್ದ ಕೆಲಸವನ್ನೇ ತೆಗೆದುಹಾಕಿದ್ದು. ಕುಗ್ಗಿಸಿ ಕುಗ್ಗಿಸಿ ಇನ್ನು ಆಗದು ಅನ್ನುವ ಹೊತ್ತಿಗೆ ಕತ್ತರಿ ಹೊರಗೆ ಬರುತ್ತದೆ.

ಯಾಕೆ ಆಗದು? ಚಿಪ್ ಅಗ್ಗವಾದ ಹಾಗೆ ಉಳಿದ ಭಾಗಗಳು ಅಗ್ಗವಾಗುವುದಿಲ್ಲ. ಮೋಟಾರಿಗೆ ತಾಮ್ರದ ತಂತಿ ಬೇಕು, ಅಯಸ್ಕಾಂತ ಬೇಕು. ಲೇಸರ್ ಕಣ್ಣಿಗೆ ಲೆನ್ಸ್ ಬೇಕು, ಅದನ್ನು ಕೂದಲೆಳೆಯಷ್ಟು ನಿಖರವಾಗಿ ಸರಿಸುವ ಹಳಿ ಬೇಕು. ಪೋರ್ಟ್‌ಗಳು ಲೋಹದವು. ಇವು ಹತ್ತು ವರ್ಷವಾದರೂ ಚಿಪ್‌ನ ವೇಗದಲ್ಲಿ ಅಗ್ಗವಾಗವು. ಹಾರ್ಡ್ ಡಿಸ್ಕ್ ಇದಕ್ಕೆ ಒಳ್ಳೆಯ ಉದಾಹರಣೆ. ವರ್ಷ ಕಳೆದ ಹಾಗೆ ಅದೇ ದುಡ್ಡಿಗೆ ಹೆಚ್ಚು ಜಾಗದ ಡಿಸ್ಕ್ ಸಿಗುತ್ತದೆ ನಿಜ. ಆದರೆ ಕಡಿಮೆ ಜಾಗದ ಡಿಸ್ಕ್ ಸಾಕು, ಕಾಲು ಬೆಲೆಗೆ ಕೊಡಿ ಅಂದರೆ ಸಿಗುವುದಿಲ್ಲ. ತಿರುಗುವ ತಟ್ಟೆ, ಮೋಟಾರು, ಮುಚ್ಚಿದ ಲೋಹದ ಡಬ್ಬಿ ಎಲ್ಲದಕ್ಕೂ ಇರಬೇಕಲ್ಲ. ಕನ್ಸೋಲ್ ಬೆಲೆ ಇಳಿದ ಹಾಗೆ ಇದು ಮೂಗಿಗಿಂತ ಮೂಗುತಿ ಭಾರ ಆಗುತ್ತದೆ. ಅದಕ್ಕೇ 2012ರಲ್ಲಿ ಪ್ಲೇಸ್ಟೇಷನ್ 3ರ ಮೂರನೇ ರೂಪ ಬಂದಾಗ, ಯುರೋಪ್‌ನಲ್ಲಿ ಸೋನಿ ಹಾರ್ಡ್ ಡಿಸ್ಕೇ ಇಲ್ಲದ, ಬರೀ 12 ಜಿಬಿ ಫ್ಲ್ಯಾಶ್ ಮೆಮೊರಿಯ ಮಾಡೆಲ್ ಅನ್ನೂ ತಂದಿತು. ಆ ರೂಪದಲ್ಲೂ ಡಿಸ್ಕ್ ಎಳೆದುಕೊಳ್ಳುವ ಸೀಳು ಹೋಗಿ, ಕೈಯಿಂದ ಸರಿಸುವ ಮುಚ್ಚಳ ಬಂದಿತ್ತು.

ಇನ್ನು ಕಣ್ಣಿಗೆ ಕಾಣದ ಖರ್ಚುಗಳೂ ಇವೆ. ಒಂದೊಂದು ಪೋರ್ಟ್ ಅನ್ನೂ ಕಾರ್ಖಾನೆಯಲ್ಲಿ ಪರೀಕ್ಷೆ ಮಾಡಿಯೇ ಕಳಿಸಬೇಕು. ವೈಫೈ ಇದ್ದರೆ ಅದು ರೇಡಿಯೋ ಸಾಧನ, ಮಾರುವ ದೇಶಗಳ ರೇಡಿಯೋ ನಿಯಮಕ್ಕೆ ಒಪ್ಪಿಗೆ ಪಡೆಯಬೇಕು. ಒಂದು ಭಾಗ ತೆಗೆದರೆ ಅದರ ಹಿಂದಿನ ಈ ಸಾಲೂ ಹೋಗುತ್ತದೆ.

ಈಗ ಮುಖ್ಯ ಪ್ರಶ್ನೆ. ಯಾವುದನ್ನು ತೆಗೆಯಬೇಕು? ಈ ತೀರ್ಮಾನವೇ ಇಡೀ ವಿಷಯದ ಜೀವಾಳ ಅಂತ ನನಗೆ ಅನ್ನಿಸುತ್ತದೆ. ಕನ್ಸೋಲ್‌ನ ಮೊದಲ ದಿನದ ಗಿರಾಕಿ ಗೇಮ್ ಹುಚ್ಚಿನವನು. ಅವನಿಗೆ ಎಲ್ಲವೂ ಬೇಕು, ಬೆಲೆ ಎಷ್ಟಾದರೂ ಕೊಡುತ್ತಾನೆ. ಆರೇಳು ವರ್ಷದ ನಂತರ ಬರುವ ಗಿರಾಕಿಯೇ ಬೇರೆ. ಚಿಕ್ಕ ಮಗುವಿಗೆ ಮೊದಲ ಕನ್ಸೋಲ್ ಕೊಡಿಸುವ ಅಪ್ಪ ಅಮ್ಮ, ಎರಡನೇ ಕೋಣೆಗೆ ಇನ್ನೊಂದು ಬೇಕು ಅನ್ನುವವರು, ಇಷ್ಟು ವರ್ಷ ಬೆಲೆ ಇಳಿಯಲಿ ಅಂತ ಕಾದವರು. ಯಾವ ಭಾಗ ತೆಗೆದಿದ್ದಾರೆ ಅಂತ ನೋಡಿದರೆ, ಕೊನೆಯ ಗಿರಾಕಿ ಯಾರು ಅಂತ ಕಂಪನಿ ಅಂದುಕೊಂಡಿದೆ ಅನ್ನುವುದು ಗೊತ್ತಾಗುತ್ತದೆ.

ವೀ ಮಿನಿಯನ್ನೇ ಈ ಕಣ್ಣಿನಿಂದ ನೋಡೋಣ. ಮೊದಲು ಹೋಗಿದ್ದು ಗೇಮ್‌ಕ್ಯೂಬ್ ಹೊಂದಾಣಿಕೆ. ವೀಯ ಒಳಗಿನ ಚಿಪ್‌ಗಳು ಗೇಮ್‌ಕ್ಯೂಬ್ ಚಿಪ್‌ಗಳ ವಂಶದವೇ. ಹಳೇ ಗೇಮ್ ಓಡಿಸುವ ತಾಕತ್ತು ಚಿಪ್‌ನಲ್ಲೇ ಇತ್ತು, ಅದಕ್ಕೆ ಬೇರೆ ಖರ್ಚಿರಲಿಲ್ಲ. ಖರ್ಚಿದ್ದದ್ದು ಕಂಟ್ರೋಲರ್ ಸಿಕ್ಕಿಸುವ ನಾಲ್ಕು ಪೋರ್ಟ್, ಮೆಮೊರಿ ಕಾರ್ಡ್‌ನ ಎರಡು ಜಾಗ, ಜೊತೆಗೆ ಆ ಸಣ್ಣ ಡಿಸ್ಕ್‌ಗಾಗಿ ಮಾಡಿದ ಕಸರತ್ತು. 2012ರಲ್ಲಿ ಹೊಸದಾಗಿ ಕೊಳ್ಳುವವರ ಮನೆಯಲ್ಲಿ ಗೇಮ್‌ಕ್ಯೂಬ್ ಡಿಸ್ಕ್ ಇರುವುದು ಅಪರೂಪ. ಈ ಕತ್ತರಿ ಸರಿಯಾಗಿಯೇ ಬಿದ್ದಿದೆ.

ಎರಡನೆಯದು ಇಂಟರ್ನೆಟ್. ವೈಫೈ ಇಲ್ಲ, ಹಾಗಾಗಿ ಬೇರೆ ಊರಿನವರ ಜೊತೆ ಆಡುವಂತಿಲ್ಲ, ಡೌನ್‌ಲೋಡ್ ಮಾಡಿ ಹಳೇ ಗೇಮ್ ಕೊಳ್ಳುವಂತಿಲ್ಲ. ಮಾಮೂಲಿ ವೀಗೆ ಯುಎಸ್‌ಬಿ ಅಡಾಪ್ಟರ್ ಸಿಕ್ಕಿಸಿ ತಂತಿ ಮೂಲಕವಾದರೂ ಇಂಟರ್ನೆಟ್ ತರಬಹುದಿತ್ತು. ಮಿನಿಯಲ್ಲಿ ಆ ದಾರಿಯೂ ಮುಚ್ಚಿದೆ. ಬಂದ ಹೊತ್ತಿನಲ್ಲಿ ಬಹಳ ಜನ ಇದನ್ನು ಬೈದರು. ನನಗೂ ಇದು ಒರಟು ಅನ್ನಿಸಿತು. ಆದರೆ 2014ರ ಮೇ ತಿಂಗಳಲ್ಲಿ ನಿಂಟೆಂಡೊ ವೀಯ ಆನ್‌ಲೈನ್ ಆಟದ ಸೇವೆಯನ್ನೇ ನಿಲ್ಲಿಸಿತು. 2019ರ ಜನವರಿಯಲ್ಲಿ ಗೇಮ್ ಕೊಳ್ಳುವ ಅಂಗಡಿಯನ್ನೂ ಮುಚ್ಚಿತು. ಕತ್ತರಿ ಬಿದ್ದಿದ್ದು ಹೇಗೂ ಕೆಲವೇ ದಿನ ಉಳಿಯುವ ಕೊಂಬೆಗೆ.

ಮೂರನೆಯದನ್ನು ಮಾತ್ರ ನಾನು ಒಪ್ಪಲಾರೆ. ಮಾಮೂಲಿ ವೀಗೆ ಕಾಂಪೊನೆಂಟ್ ಕೇಬಲ್ ಹಾಕಿದರೆ ಬಣ್ಣದ ಮಾಹಿತಿ ಬೇರೆ ಬೇರೆ ತಂತಿಗಳಲ್ಲಿ ಹೋಗುತ್ತದೆ, 480 ಗೆರೆಗಳೂ ಒಟ್ಟಿಗೆ ಮೂಡುತ್ತವೆ. ಮಿನಿಯಲ್ಲಿ ಕೇಬಲ್ ಸಿಕ್ಕಿಸುವ ಜಾಗ ಹಾಗೇ ಇದೆ, ಆ ಸಿಗ್ನಲ್ ಮಾತ್ರ ಬರುವುದಿಲ್ಲ. ಬರುವುದು ಹಳದಿ ಪಿನ್‌ನ ಕಾಂಪೊಸಿಟ್ ಒಂದೇ. ಬೆಳಕು, ಬಣ್ಣ ಎಲ್ಲ ಒಂದೇ ತಂತಿಯಲ್ಲಿ ಕಲಸಿ ಬರುತ್ತದೆ. ಗೆರೆಗಳೂ ಒಂದು ಬಿಟ್ಟು ಒಂದರಂತೆ ಎರಡು ಕಂತಿನಲ್ಲಿ ಬರುತ್ತವೆ. ದಪ್ಪನೆಯ ಹಳೇ ಟಿವಿಯಲ್ಲಿ ಇದು ನಡೆಯುತ್ತಿತ್ತು. ಚಪ್ಪಟೆ ಟಿವಿಯಲ್ಲಿ ಅಕ್ಷರದ ಅಂಚು ಮಸುಕಾಗುತ್ತದೆ, ಕೆಂಪು ಬಣ್ಣ ಪಕ್ಕಕ್ಕೆ ಹರಡುತ್ತದೆ. 2012ರಲ್ಲಿ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದದ್ದು ಚಪ್ಪಟೆ ಟಿವಿಗಳೇ. ಹಳೇ ಟಿವಿ ಇಟ್ಟುಕೊಂಡವರನ್ನೇ ಕೊನೆಯ ಗಿರಾಕಿ ಅಂದುಕೊಂಡರೋ ಏನೋ. ಇದರಿಂದ ಉಳಿದದ್ದು ತೀರಾ ಸಣ್ಣ ಮೊತ್ತ ಇರಬೇಕು, ಕಳೆದದ್ದು ಮಾತ್ರ ದಿನವೂ ಕಣ್ಣಿಗೆ ಬೀಳುವಂಥದ್ದು.

ಚಿತ್ರದ ಪೋರ್ಟ್‌ಗೆ ಕತ್ತರಿ ಬೀಳುವುದು ಹೊಸದಲ್ಲ. ಇದೇ ನಿಂಟೆಂಡೊ 19 ವರ್ಷ ಮೊದಲೂ ಹೀಗೆ ಮಾಡಿತ್ತು. ಆ ಕಥೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಅಲ್ಲಿ ಕತ್ತರಿ ಒಂದು ಕಡೆ ಕೆಡಿಸಿ, ಇನ್ನೊಂದು ಕಡೆ ರೋಗವನ್ನೇ ವಾಸಿ ಮಾಡಿತು.

ನಿಂಟೆಂಡೊದ ಎನ್‌ಇಎಸ್ ಕನ್ಸೋಲ್ 1985ರಲ್ಲಿ ಅಮೆರಿಕಾಕ್ಕೆ ಬಂತು. 1983ರಲ್ಲಿ ಅಲ್ಲಿನ ವಿಡಿಯೋ ಗೇಮ್ ವ್ಯಾಪಾರ ನೆಲಕಚ್ಚಿತ್ತು. ಅಂಗಡಿಯವರು ಗೇಮ್ ಕನ್ಸೋಲ್ ಅಂದರೆ ಮುಖ ತಿರುಗಿಸುತ್ತಿದ್ದರು. ಅದಕ್ಕೇ ಎನ್‌ಇಎಸ್ ಅನ್ನು ನೋಡಲು ವಿಸಿಆರ್ ಥರ ಮಾಡಿದರು. ಮುಂದಿನ ಬಾಗಿಲು ತೆರೆದು, ಕಾರ್ಟ್ರಿಜ್ (ಗೇಮ್ ಇರುವ ಪ್ಲಾಸ್ಟಿಕ್ ಡಬ್ಬಿ) ಒಳಗೆ ತಳ್ಳಿ, ಕೆಳಕ್ಕೆ ಒತ್ತಬೇಕು. ನೋಡಲು ಚೆನ್ನಾಗಿತ್ತು. ಆದರೆ ತಳ್ಳಿ ಒತ್ತಿ ಒಳಗಿನ 72 ಪಿನ್‌ಗಳು ದಿನ ಕಳೆದಂತೆ ಬಿಗಿ ಕಳೆದುಕೊಂಡವು. ಅದರ ಜೊತೆ ಅಸಲಿ ಕಾರ್ಟ್ರಿಜ್ ಹೌದೋ ಅಲ್ಲವೋ ಅಂತ ನೋಡುವ ಕಾವಲು ಚಿಪ್ ಒಂದಿತ್ತು. ಕಾರ್ಟ್ರಿಜ್‌ನಲ್ಲಿರುವ ಜೋಡಿ ಚಿಪ್‌ನಿಂದ ಸರಿಯಾದ ಉತ್ತರ ಬಾರದಿದ್ದರೆ ಅದು ಕನ್ಸೋಲ್ ಅನ್ನು ಮತ್ತೆ ಮತ್ತೆ ರೀಸೆಟ್ ಮಾಡುತ್ತಿತ್ತು. ಪಿನ್ ಒಂದು ಸರಿಯಾಗಿ ತಾಗದಿದ್ದರೂ ಅಸಲಿ ಗೇಮ್ ಕೂಡ ನಕಲಿ ಅನ್ನಿಸಿಕೊಳ್ಳುತ್ತಿತ್ತು. ಪರದೆ ಮಿಣುಕುತ್ತಾ ಕೂರುತ್ತಿತ್ತು. ಮಕ್ಕಳು ಕಾರ್ಟ್ರಿಜ್ ಹೊರಗೆ ತೆಗೆದು ಉಫ್ ಉಫ್ ಅಂತ ಊದಿ ಮತ್ತೆ ಹಾಕುತ್ತಿದ್ದದ್ದು ಇದೇ ಕಾರಣಕ್ಕೆ.

1993ರಲ್ಲಿ ಬಂದ ಹೊಸ ಎನ್‌ಇಎಸ್‌ನ ಬೆಲೆ 49.99 ಡಾಲರ್. ಮುಂದಿನ ಬಾಗಿಲು, ಒತ್ತುವ ತಟ್ಟೆ ಎಲ್ಲ ಹೋಯಿತು. ಕಾರ್ಟ್ರಿಜ್ ಅನ್ನು ಮೇಲಿಂದ ನೆಟ್ಟಗೆ ಸಿಕ್ಕಿಸುವುದು. ಕಾವಲು ಚಿಪ್ ಕೂಡ ಹೋಯಿತು. ಖರ್ಚು ಉಳಿಸಲು ತೆಗೆದ ಎರಡು ಭಾಗಗಳೇ ಇಷ್ಟು ವರ್ಷ ಕಾಟ ಕೊಟ್ಟವು ಕೂಡ! ಮಿಣುಕುವ ಪರದೆಯ ಸಮಸ್ಯೆ ಒಂದೇ ಏಟಿಗೆ ಮುಗಿಯಿತು. ಆದರೆ ಅದರ ಜೊತೆಗೆ ಆಡಿಯೋ ವಿಡಿಯೋ ಪಿನ್‌ಗಳೂ ಹೋದವು. ಉಳಿದದ್ದು ಆಂಟೆನಾ ತಂತಿಯ ಮೂಲಕ ಟಿವಿ ಚಾನೆಲ್‌ನಂತೆ ಚಿತ್ರ ಕಳಿಸುವ ದಾರಿ ಒಂದೇ. ಅದರಲ್ಲೂ ಪರದೆಯ ಮೇಲೆ ಉದ್ದುದ್ದ ಗೆರೆಗಳ ಕಾಟ. ಆಶ್ಚರ್ಯ ಏನೆಂದರೆ, ಅದೇ ವರ್ಷ ಜಪಾನ್‌ನಲ್ಲಿ ಬಂದ ಹೊಸ ಫ್ಯಾಮಿಕಾಮ್ (ಎನ್‌ಇಎಸ್‌ನ ಜಪಾನ್ ರೂಪ) ನೋಡಲು ಬಹುತೇಕ ಇದರ ಅವಳಿ. ಅಲ್ಲಿ 1983ರ ಮೂಲ ಮಾಡೆಲ್‌ನಲ್ಲಿ ಆಡಿಯೋ ವಿಡಿಯೋ ಪಿನ್ ಇರಲಿಲ್ಲ, ಹೊಸದರಲ್ಲಿ ಸೇರಿಸಿದರು. ಒಂದೇ ಕಂಪನಿ, ಒಂದೇ ವರ್ಷ. ಒಂದು ದೇಶದಲ್ಲಿ ತೆಗೆದದ್ದನ್ನು ಇನ್ನೊಂದು ದೇಶದಲ್ಲಿ ಸೇರಿಸಿತು. ತಂತ್ರಜ್ಞಾನದ ಅಡ್ಡಿ ಏನೂ ಇರಲಿಲ್ಲ ಅಂತ ಇದರಿಂದಲೇ ಗೊತ್ತಾಗುತ್ತದೆ.

ಉಳಿದ ಕಂಪನಿಗಳೂ ಇದೇ ದಾರಿ ಹಿಡಿದಿವೆ. 1977ರಲ್ಲಿ ಬಂದಿದ್ದ ಅಟಾರಿ 2600 ಅನ್ನು 1986ರಲ್ಲಿ 50 ಡಾಲರ್‌ಗಿಂತ ಕಡಿಮೆಗೆ ಪುಟ್ಟ ರೂಪದಲ್ಲಿ ಮಾರಿದರು. ಸೆಗಾ ಜೆನೆಸಿಸ್‌ನ ಮೂರನೇ ರೂಪವನ್ನು 1998ರಲ್ಲಿ ಮಜೆಸ್ಕೊ ಕಂಪನಿ ತಂದಾಗ, ಸಿಡಿ ಡ್ರೈವ್ ಜೋಡಿಸುವ ಪೋರ್ಟ್ ಮಾಯವಾಗಿತ್ತು. ಪಿಎಸ್‌ಪಿ ಅನ್ನುವುದು ಸೋನಿಯ ಕೈಯಲ್ಲಿ ಹಿಡಿದು ಆಡುವ ಕನ್ಸೋಲ್; 2011ರಲ್ಲಿ 99.99 ಯುರೋಗೆ ಮಾರಿದ ಅದರ ಅಗ್ಗದ ಮಾಡೆಲ್‌ನಲ್ಲಿ ವೈಫೈ ಇರಲಿಲ್ಲ, ಸ್ಪೀಕರ್ ಒಂದೇ.

ಕತ್ತರಿ ಹಾಕುವುದು ಕೂಡ ಒಂದು ಕಲೆ ಅಂತ ತೋರಿಸಿದ್ದು 2013ರ ನಿಂಟೆಂಡೊ 2ಡಿಎಸ್. ಇದು 3ಡಿಎಸ್ ಅನ್ನುವ ಕೈಯಲ್ಲಿ ಹಿಡಿದು ಆಡುವ ಕನ್ಸೋಲ್‌ನ ಅಗ್ಗದ ರೂಪ, 129.99 ಡಾಲರ್. 3ಡಿಎಸ್‌ನ ಹೆಸರಿನಲ್ಲೇ ಇದ್ದ 3ಡಿ ಪರದೆಯನ್ನೇ ತೆಗೆದುಬಿಟ್ಟರು. ಆರು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳು 3ಡಿ ನೋಡುವುದು ಬೇಡ ಅಂತ ನಿಂಟೆಂಡೊ ಮೊದಲೇ ಎಚ್ಚರಿಸಿತ್ತು. ಈ ಮಾಡೆಲ್ ಆ ಮಕ್ಕಳಿಗಾಗಿಯೇ. ಹಾಗಿದ್ದ ಮೇಲೆ 3ಡಿ ಪರದೆ ಯಾಕೆ ಬೇಕು? ಮಡಚುವ ಕೀಲೂ ಹೋಯಿತು. ಮಕ್ಕಳ ಕೈಯಲ್ಲಿ ಮೊದಲು ಮುರಿಯುವುದೇ ಕೀಲು. ಮಡಚಿದಾಗ ನಿದ್ದೆಗೆ ಹೋಗುವ ಸೌಲಭ್ಯದ ಬದಲು ಒಂದು ಜಾರುವ ಗುಂಡಿ ಇಟ್ಟರು.

ಇಷ್ಟಕ್ಕೇ ನಿಲ್ಲಲಿಲ್ಲ. 3ಡಿಎಸ್ ಗೇಮ್‌ಗಳಿಗೆ ಮೇಲೊಂದು ಕೆಳಗೊಂದು, ಎರಡು ಪರದೆ ಬೇಕೇ ಬೇಕು. ಆದರೆ 2ಡಿಎಸ್ ಬಿಚ್ಚಿ ನೋಡಿದರೆ ಒಳಗಿರುವುದು ಒಂದೇ ದೊಡ್ಡ ಎಲ್‌ಸಿಡಿ ಪರದೆ! ಮೇಲಿನ ಪ್ಲಾಸ್ಟಿಕ್ ಚೌಕಟ್ಟು ನಡುವಿನ ಭಾಗವನ್ನು ಮುಚ್ಚಿ, ಎರಡು ಕಿಟಕಿ ಮಾತ್ರ ಬಿಟ್ಟಿದೆ. ಆಡುವವರಿಗೆ ಎರಡು ಪರದೆ ಕಾಣುತ್ತದೆ, ಕಾರ್ಖಾನೆಗೆ ಜೋಡಿಸಲು ಒಂದೇ ಪರದೆ. ಕೀಲಿನ ಮೂಲಕ ಹಾಯಿಸಬೇಕಿದ್ದ ತೆಳು ತಂತಿ ಪಟ್ಟಿಯೂ ಬೇಡವಾಯಿತು. ನಾನು ನೋಡಿದ ಅಗ್ಗದ ಮಾಡೆಲ್‌ಗಳಲ್ಲಿ ಇಷ್ಟು ಜಾಣತನದ ಕೆಲಸ ಇನ್ನೊಂದಿಲ್ಲ. ಗೇಮ್ ಒಂದೂ ಕೈತಪ್ಪಲಿಲ್ಲ.

ಬೆಲೆ ಇಳಿಸಬೇಕು ಅಂದರೆ ಇದ್ದ ಕನ್ಸೋಲ್‌ನ ಬೆಲೆಯನ್ನೇ ಇಳಿಸಬಹುದಲ್ಲ ಅಂತ ಕೇಳಬಹುದು. ಇಳಿಸುತ್ತಾರೆ ಕೂಡ. ಆದರೆ ಅದಕ್ಕೊಂದು ಮಿತಿ ಇದೆ. ಶುರುವಿನಲ್ಲಿ ನಷ್ಟ ತಿಂದರೂ ಆ ಗಿರಾಕಿ ಮುಂದೆ ಹತ್ತಾರು ಗೇಮ್ ಕೊಳ್ಳುತ್ತಾನೆ ಅನ್ನುವ ನಂಬಿಕೆ ಇರುತ್ತದೆ. ಕೊನೆಯ ಗಿರಾಕಿ ಮೂರೋ ನಾಲ್ಕೋ ಗೇಮ್ ಕೊಳ್ಳಬಹುದು, ಅದೂ ಬೆಲೆ ಇಳಿದವು, ಇಲ್ಲವೇ ಬೇರೆಯವರು ಆಡಿ ಮಾರಿದವು. ಹಾಗಾಗಿ ಈ ಹೊತ್ತಿನಲ್ಲಿ ಪೆಟ್ಟಿಗೆಯೇ ತನ್ನ ಖರ್ಚು ಹುಟ್ಟಿಸಿಕೊಳ್ಳಬೇಕು. ಅಂಗಡಿಯವನಿಗೂ ಪಾಲು ಸಿಗಬೇಕು. 99 ಡಾಲರ್ ಅನ್ನುವ ಗೆರೆಯ ಕೆಳಗೆ ಇವೆಲ್ಲ ಹಿಡಿಸಬೇಕಾದರೆ ಏನನ್ನಾದರೂ ತೆಗೆಯಲೇಬೇಕು. ಅಚ್ಚು, ಯಂತ್ರ, ಸಾಫ್ಟ್‌ವೇರ್‌ಗೆ ಹಾಕಿದ ಬಂಡವಾಳ ಆಗಲೇ ವಾಪಸ್ ಬಂದಿರುತ್ತದೆ. ಗೇಮ್‌ಗಳಂತೂ ನೂರಾರು ಸಿದ್ಧ ಇರುತ್ತವೆ. ಹೀಗೆ ಹೊಸ ಕನ್ಸೋಲ್ ಪಕ್ಕದಲ್ಲೇ ಹಳೆಯದು ವರ್ಷಗಟ್ಟಲೆ ಬಾಳುತ್ತದೆ. 2000ದಲ್ಲಿ ಬಂದ ಪ್ಲೇಸ್ಟೇಷನ್ 2ರ ತಯಾರಿಕೆ ನಿಂತಿದ್ದು ಹನ್ನೆರಡು ವರ್ಷ ದಾಟಿದ ಮೇಲೆ.

ಒಂದು ಬಗೆಯ ಕತ್ತರಿಯ ಬಗ್ಗೆ ಮಾತ್ರ ಕೊಳ್ಳುವವರು ಜಾಸ್ತಿ ಎಚ್ಚರ ಇಡಬೇಕು. 2019ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಡಿಸ್ಕ್ ಡ್ರೈವ್ ಇಲ್ಲದ ಎಕ್ಸ್‌ಬಾಕ್ಸ್ ಒನ್ ಎಸ್ ಅನ್ನು 249 ಡಾಲರ್‌ಗೆ ತಂದಿತು. ಡ್ರೈವ್ ದುಬಾರಿ ಭಾಗ, ತೆಗೆದರೆ ಉಳಿತಾಯ ನಿಜ. ಆದರೆ ಇಲ್ಲಿ ಹೋದದ್ದು ಬರೀ ಒಂದು ಭಾಗ ಅಲ್ಲ. ಹಳೇ ಡಿಸ್ಕ್ ಕಡಿಮೆ ಬೆಲೆಗೆ ಕೊಳ್ಳುವ ದಾರಿ ಹೋಯಿತು, ಗೆಳೆಯರಿಂದ ತಂದು ಆಡುವುದು ಹೋಯಿತು, ಆಡಿ ಮುಗಿಸಿದ್ದನ್ನು ಮಾರಿ ಸ್ವಲ್ಪ ದುಡ್ಡು ವಾಪಸ್ ಪಡೆಯುವುದೂ ಹೋಯಿತು. ಇನ್ನು ಮುಂದೆ ಕಂಪನಿಯ ಆನ್‌ಲೈನ್ ಅಂಗಡಿಯ ಬೆಲೆಯೇ ಬೆಲೆ. ವೀ ಮಿನಿ ತಾನು ಉಳಿಸಿದ್ದನ್ನು ಗಿರಾಕಿಯ ಜೊತೆ ಹಂಚಿಕೊಂಡು ಅಲ್ಲಿಗೆ ಬಿಟ್ಟಿತು. ಡ್ರೈವ್ ಇಲ್ಲದ ಮಾಡೆಲ್‌ನಲ್ಲಿ ಪೆಟ್ಟಿಗೆಯ ಮೇಲೆ ಉಳಿದದ್ದು ಗೇಮ್ ಕೊಳ್ಳುವಾಗ ಒಂದೊಂದಾಗಿ ಕೈಬಿಡಬಹುದು. ಡಿಸ್ಕ್ ಮುಟ್ಟದೆ ಬರೀ ಡೌನ್‌ಲೋಡ್ ಮಾಡಿಯೇ ಆಡುವವರಿಗೆ ಇದು ನಷ್ಟವಲ್ಲ. ಕಡಿಮೆ ಬಜೆಟ್‌ನವರು ಮಾತ್ರ ಎರಡು ವರ್ಷಕ್ಕೆ ಎಷ್ಟು ಗೇಮ್ ಬೇಕು ಅಂತ ಲೆಕ್ಕ ಹಾಕಿ ಆಮೇಲೆ ಕೈ ಹಾಕುವುದು ಒಳ್ಳೆಯದು.

ವೀ ಮಿನಿಯಲ್ಲಿ ಹೋದ ಇನ್ನೊಂದು ಭಾಗ ಎಸ್‌ಡಿ ಕಾರ್ಡ್‌ನ ಸೀಳು. ಅದು ಹಗುರವಾಗಿ ಕಾಣುತ್ತದೆ, ಆದರೆ ನನಗೆ ತುಂಬಾ ಬೇಜಾರು ತರಿಸುವುದು ಅದೇ. ಮಾಮೂಲಿ ವೀಯಲ್ಲಿ ಬಹಳಷ್ಟು ಗೇಮ್‌ಗಳ ಸೇವ್ ಅನ್ನು ಕಾರ್ಡ್‌ಗೆ ಕಾಪಿ ಮಾಡಿ ಇಟ್ಟುಕೊಳ್ಳಬಹುದು. ಮಿನಿಯಲ್ಲಿ ಮಗು ಎರಡು ವರ್ಷ ಆಡಿ ಗಳಿಸಿದ್ದೆಲ್ಲ ಒಳಗಿನ 512 ಎಂಬಿ ಮೆಮೊರಿಯಲ್ಲೇ ಕೂತಿರುತ್ತದೆ. ಕನ್ಸೋಲ್ ಕೆಟ್ಟರೆ ಅದೂ ಹೋಯಿತು. ಕಾರ್ಡ್ ಇಲ್ಲ, ಇಂಟರ್ನೆಟ್ ಇಲ್ಲ, ಹೊರಗೆ ತರಲು ಬಾಗಿಲೇ ಇಲ್ಲ.

ಕಾರ್ಡ್ ಮತ್ತು ಇಂಟರ್ನೆಟ್ ಇಲ್ಲದ ಕಾರಣ, ಬೇರೆ ವೀಗಳ ಹಾಗೆ ಇದರೊಳಗೆ ಸ್ವಂತ ಪ್ರೋಗ್ರಾಮ್ ಓಡಿಸಲೂ ವರ್ಷಗಟ್ಟಲೆ ಯಾರಿಗೂ ಆಗಲಿಲ್ಲ. ಆದರೆ ನಿಂಟೆಂಡೊ ಒಂದು ರೇಡಿಯೋಗೆ ಮಾತ್ರ ಕತ್ತರಿ ಹಾಕುವಂತಿರಲಿಲ್ಲ. ವೀ ರಿಮೋಟ್ ಕನ್ಸೋಲ್ ಜೊತೆ ಮಾತಾಡುವುದೇ ಬ್ಲೂಟೂತ್‌ನಲ್ಲಿ. ಅದಿಲ್ಲದೆ ಆಟವೇ ಇಲ್ಲ. 2019ರಲ್ಲಿ ಆಸಕ್ತರು ಆ ಬ್ಲೂಟೂತ್‌ನಲ್ಲೇ ಒಂದು ದೋಷ ಹುಡುಕಿದರು. ಪಕ್ಕದ ಕಂಪ್ಯೂಟರ್‌ನಿಂದ ಸಂದೇಶ ಕಳಿಸಿ, ಹಿಂದೆ ಉಳಿದಿದ್ದ ಒಂದೇ ಒಂದು ಯುಎಸ್‌ಬಿ ಪೋರ್ಟ್‌ಗೆ ಸಿಕ್ಕಿಸಿದ ಪೆನ್‌ಡ್ರೈವ್‌ನಿಂದ ತಮ್ಮದೇ ಪ್ರೋಗ್ರಾಮ್ ಓಡಿಸಿದರು.